ಬಿದ್ದ ದುಡ್ಡಿಗೂ ಒಬ್ಬ ವಾರಸುದಾರ

ಬಸ್ಸಿನ ಸೀಟಿನ ಸಂದಿಯಲ್ಲಿ ಮಡಚಿಟ್ಟ ಐನೂರರ ನಾಲ್ಕು ನೋಟುಗಳು ಸಿಕ್ಕವು ಎಂದುಕೊಳ್ಳಿ. ಮನೆಗೆ ಬಂದು ಹೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಸಲಹೆ ಸಿಗುತ್ತದೆ. ‘ಲಕ್ಷ್ಮಿ ತಾನಾಗಿ ಬಂದಿದ್ದಾಳೆ, ಬೇಡ ಅನ್ನಬಾರದು’ ಎನ್ನುತ್ತಾರೆ ಒಬ್ಬರು. ‘ಬಿಟ್ಟಿ ದುಡ್ಡು ಕೈಯಲ್ಲಿ ನಿಲ್ಲೋದಿಲ್ಲ, ದೇವರ ಹುಂಡಿಗೆ ಹಾಕಿಬಿಡು’ ಎನ್ನುತ್ತಾರೆ ಇನ್ನೊಬ್ಬರು. ‘ಯಾರಾದರೂ ಬಡವರಿಗೆ ಕೊಡು, ಪುಣ್ಯ ಬರುತ್ತೆ’ ಎನ್ನುತ್ತಾರೆ ಮತ್ತೊಬ್ಬರು. ಹೇಳುವವರೆಲ್ಲ ಒಳ್ಳೆಯವರೇ. ಆದರೆ ಈ ಮೂರೂ ಮಾತುಗಳಲ್ಲಿ ಒಬ್ಬರು ಕಾಣೆಯಾಗಿದ್ದಾರೆ. ಆ ನೋಟುಗಳನ್ನು ಎಣಿಸಿ, ಮಡಚಿ, ಜೋಪಾನವಾಗಿ ಇಟ್ಟುಕೊಂಡು ಹೊರಟಿದ್ದವರು.

ಅದು ಮಗುವಿನ ಶಾಲೆಯ ಶುಲ್ಕದ ಕಂತಾಗಿರಬಹುದು, ಧರ್ಮಸ್ಥಳ ಸಂಘಕ್ಕೆ ಕಟ್ಟಬೇಕಾದ ವಾರದ ಹಣವಾಗಿರಬಹುದು, ಗಾರೆ ಕೆಲಸದವರೊಬ್ಬರ ಎರಡು ಮೂರು ದಿನದ ಕೂಲಿಯಾಗಿರಬಹುದು. ಸಿಕ್ಕ ಹಣದ ಬಗ್ಗೆ ನಾವು ಆಡುವ ಮಾತೆಲ್ಲ ಸಿಕ್ಕವರ ಸುತ್ತಲೇ ಸುತ್ತುತ್ತದೆ. ಅವರ ಅದೃಷ್ಟ, ಅವರ ಪಾಪ, ಅವರ ಪುಣ್ಯ, ಅವರ ಪ್ರಾಮಾಣಿಕತೆ. ಕಳೆದುಕೊಂಡವರನ್ನು ಈ ಲೆಕ್ಕಕ್ಕೆ ಸೇರಿಸಿದ ಕೂಡಲೇ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ‘ಇಟ್ಟುಕೊಳ್ಳಲೋ, ಕೊಡಲೋ’ ಎಂಬುದು ಆಮೇಲಿನ ಮಾತು. ಅದಕ್ಕಿಂತ ಮೊದಲು ಕೇಳಬೇಕಾದದ್ದು ‘ನಾನು ಹುಡುಕಿದೆನೇ?’ ಎಂಬುದನ್ನು.

ಹುಂಡಿಯ ದಾರಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಹುಂಡಿಗೆ ಹಾಕಿದರೆ ನಮ್ಮ ಮನಸ್ಸಿನ ಭಾರ ಇಳಿಯುತ್ತದೆ. ಹಣ ಕಳೆದುಕೊಂಡು ಬಸ್ ನಿಲ್ದಾಣದಲ್ಲಿ ಚೀಲ ತಡಕಾಡುತ್ತಿರುವ ಹೆಂಗಸಿನ ಭಾರ ಇಳಿಯುವುದಿಲ್ಲ. ಬಡವರಿಗೆ ಕೊಡುವುದೂ ಅಷ್ಟೆ. ದಾನ ಮಾಡಬೇಕಾದರೆ ಹಣ ನಮ್ಮದಾಗಿರಬೇಕು. ಇನ್ನೊಬ್ಬರ ಹಣವನ್ನು ಮೂರನೆಯವರಿಗೆ ಕೊಟ್ಟರೆ ಪಡೆದವರಿಗೆ ಅನುಕೂಲವಾದೀತು, ಕಳೆದುಕೊಂಡವರಿಗೆ ಅನ್ಯಾಯವಂತೂ ಆಗಿಯೇ ಆಗುತ್ತದೆ. ಹುಡುಕಿ ಹುಡುಕಿ, ಯಾರೂ ಸಿಗದೆ ಕೈಚೆಲ್ಲಿದ ಮೇಲೆ ಹುಂಡಿಯೋ ಅನಾಥಾಲಯವೋ ಆಗಲಿ. ಮೊದಲ ಹೆಜ್ಜೆಯೇ ಅದಾಗಬಾರದು.

ನಮ್ಮ ಕಾನೂನು ಈ ವಿಷಯದಲ್ಲಿ ಅನೇಕರು ಊಹಿಸುವುದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿದೆ. 1860ರ ಭಾರತೀಯ ದಂಡ ಸಂಹಿತೆಯ 403ನೇ ಸೆಕ್ಷನ್, ಪರರ ಸ್ವತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಳ್ಳುವುದನ್ನು ಅಪರಾಧವೆಂದು ಹೇಳಿ, ಸಿಕ್ಕ ವಸ್ತುಗಳ ಬಗ್ಗೆ ಪುಟ್ಟ ಪುಟ್ಟ ಪ್ರಸಂಗಗಳನ್ನೇ ಉದಾಹರಣೆಯಾಗಿ ಕೊಟ್ಟಿತ್ತು. ಹೆದ್ದಾರಿಯಲ್ಲಿ ಒಬ್ಬನಿಗೆ ಒಂದು ರೂಪಾಯಿ ಸಿಗುತ್ತದೆ, ಯಾರದೆಂದು ಗೊತ್ತಿಲ್ಲ, ಎತ್ತಿಕೊಳ್ಳುತ್ತಾನೆ. ಅದು ಅಪರಾಧವಲ್ಲ. ಇನ್ನೊಬ್ಬನಿಗೆ ದಾರಿಯಲ್ಲಿ ಕಾಗದವೊಂದು ಸಿಗುತ್ತದೆ, ಒಳಗೆ ಬ್ಯಾಂಕ್ ನೋಟು ಇದೆ. ವಿಳಾಸ ಮತ್ತು ಒಕ್ಕಣೆಯಿಂದ ನೋಟು ಯಾರದೆಂದು ತಿಳಿದೂ ಇಟ್ಟುಕೊಳ್ಳುತ್ತಾನೆ. ಅವನು ಅಪರಾಧಿ. ಮತ್ತೊಬ್ಬನ ಕಣ್ಣೆದುರೇ ಯಾರದೋ ಹಣದ ಚೀಲ ಬೀಳುತ್ತದೆ. ಹಿಂದಿರುಗಿಸಬೇಕೆಂದೇ ಎತ್ತಿಕೊಳ್ಳುತ್ತಾನೆ, ಆಮೇಲೆ ಮನಸ್ಸು ಬದಲಾಗಿ ತನ್ನದಾಗಿಸಿಕೊಳ್ಳುತ್ತಾನೆ. ಅವನೂ ಅಪರಾಧಿ. ಬೆಲೆಬಾಳುವ ಉಂಗುರ ಸಿಕ್ಕವನು ಒಡೆಯ ಯಾರೆಂದು ವಿಚಾರಿಸುವ ಗೋಜಿಗೇ ಹೋಗದೆ ತಕ್ಷಣ ಮಾರಿಬಿಟ್ಟರೆ ಅವನೂ ಅಪರಾಧಿಯೇ.

ಈ ಉದಾಹರಣೆಗಳನ್ನು ಒಟ್ಟಿಗೆ ಓದಿದರೆ ಕಾನೂನಿನ ಕಣ್ಣು ಎಲ್ಲಿದೆ ಎಂಬುದು ತಿಳಿಯುತ್ತದೆ. ಎತ್ತಿಕೊಂಡದ್ದು ತಪ್ಪಲ್ಲ. ಒಡೆಯನಿಗಾಗಿ ಕಾಪಾಡುವ ಉದ್ದೇಶದಿಂದ ಎತ್ತಿಕೊಂಡರೆ ಅದು ಒಳ್ಳೆಯದೇ. ಒಡೆಯನನ್ನು ಪತ್ತೆಹಚ್ಚುವ ದಾರಿ ಇದ್ದೂ ಹಚ್ಚದಿರುವುದು, ನ್ಯಾಯವಾದ ಪ್ರಯತ್ನ ಮಾಡುವ ಮೊದಲೇ, ಆತ ಬಂದು ಕೇಳಲು ಸಾಕಷ್ಟು ಸಮಯ ಕೊಡುವ ಮೊದಲೇ ತನ್ನದೆಂದು ಬಳಸಿಕೊಳ್ಳುವುದು ತಪ್ಪು. ಎಷ್ಟು ಪ್ರಯತ್ನ ಸಾಕು, ಎಷ್ಟು ದಿನ ಕಾಯಬೇಕು ಎಂದು ಕಾನೂನು ಅಳತೆ ಹಾಕಿಲ್ಲ. ಅದನ್ನು ಆಯಾ ಸಂದರ್ಭ ನೋಡಿಯೇ ನಿರ್ಧರಿಸಬೇಕು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಇದೇ ವಿವರಣೆಯನ್ನು ಉಳಿಸಿಕೊಂಡಿದೆ, ಶಿಕ್ಷೆಯನ್ನು ಮಾತ್ರ ಬಿಗಿಗೊಳಿಸಿದೆ. ಹಿಂದೆ ಗರಿಷ್ಠ ಎರಡು ವರ್ಷದ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದಿತ್ತು. ಈಗ ಕನಿಷ್ಠ ಆರು ತಿಂಗಳ ಸೆರೆವಾಸ, ಜೊತೆಗೆ ದಂಡವೂ ಇದೆ.

ಇದಕ್ಕೆ ಪೂರಕವಾಗಿ 1872ರ ಭಾರತೀಯ ಕರಾರು ಕಾಯ್ದೆಯ 71ನೇ ಸೆಕ್ಷನ್ ಇದೆ. ಸಿಕ್ಕ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವರು, ಯಾರೋ ನಂಬಿ ಒಪ್ಪಿಸಿದ ವಸ್ತುವನ್ನು ನೋಡಿಕೊಳ್ಳುವಷ್ಟೇ ಜವಾಬ್ದಾರಿಯಿಂದ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಹೊಣೆ ಹುಟ್ಟುವುದು ವಸ್ತು ನಮ್ಮ ವಶಕ್ಕೆ ಬಂದ ಮೇಲೆ, ಕಣ್ಣಿಗೆ ಬಿದ್ದ ಮಾತ್ರಕ್ಕಲ್ಲ. ಬಿದ್ದ ಪರ್ಸನ್ನು ನೋಡಿಯೂ ಮುಟ್ಟದೆ ಮುಂದೆ ನಡೆದುಹೋದವರನ್ನು ಯಾವ ಕಾನೂನೂ ಹಿಡಿದು ಕೇಳುವುದಿಲ್ಲ.

ಮುಟ್ಟದಿರುವುದನ್ನೇ ಒಂದು ವ್ರತವಾಗಿ ನಡೆಸಿದವರು ನಮ್ಮಲ್ಲಿದ್ದಾರೆ. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕ, ದಾರಿಯಲ್ಲಿ ಬಂಗಾರವೋ ಬಟ್ಟೆಯೋ ಬಿದ್ದಿರುವುದು ಕಂಡರೂ ಕೈ ಹಚ್ಚುವುದಿಲ್ಲ ಎಂದು ತನ್ನ ದೈವದ ಮೇಲೆ ಆಣೆಯಿಟ್ಟು ಒಂದು ವಚನವನ್ನೇ ರಚಿಸಿದ್ದಾಳೆ. ಅಂಗಳ ಗುಡಿಸುವ ಕಾಯಕದವಳು ಎಂದು ಪರಂಪರೆ ಅವಳನ್ನು ನೆನೆಯುತ್ತದೆ. ಪರರ ಅಂಗಳ ಗುಡಿಸುವವರ ಕಸದಲ್ಲಿ ಮೂಗುತಿಯೋ ಬೆಳ್ಳಿಯ ಚೂರೋ ಹೊಳೆಯುವುದು ಅಪರೂಪವೇನಲ್ಲ. ಆ ಆಣೆ ಬಂದದ್ದು ದಿನದಿನದ ಪ್ರಲೋಭನೆಯ ನಡುವಿನಿಂದ. ಅದಕ್ಕೇ ಅದರಲ್ಲಿ ಅಷ್ಟು ತೂಕವಿದೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇನ್ನೂ ಆಳಕ್ಕೆ ಹೋಗುತ್ತದೆ. ಗಂಡ ಮಾರಯ್ಯನ ಕಾಯಕವೇ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಅಂದರೆ, ನೆಲಕ್ಕೆ ಬಿದ್ದದ್ದೇ ಆ ಮನೆಯ ಜೀವನೋಪಾಯ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಚೆಲ್ಲಿದ ಅಕ್ಕಿಗೆ ಹೆಸರು ಹೇಳಿಕೊಂಡು ಬರುವ ಒಡೆಯರಿಲ್ಲ. ಇವತ್ತಿನ ಯಾವ ನ್ಯಾಯಾಲಯವೂ ಮಾರಯ್ಯನ ಮೇಲೆ ತಪ್ಪು ಹೊರಿಸಲಾರದು. ಆದರೂ ಅವಳ ಲೆಕ್ಕದಲ್ಲಿ ಅಗತ್ಯಕ್ಕೆ ಮೀರಿದ ಅಕ್ಕಿ ಇನ್ನಾರದೋ ಪಾಲು. ನಾಳೆ ಆಯಲು ಬರುವ ಇನ್ನೊಬ್ಬ ಬಡವನದೇ ಆಗಿರಬಹುದು ಎಂದು ನನಗನ್ನಿಸುತ್ತದೆ. ಒಡೆಯ ಯಾರೆಂದು ಗೊತ್ತಿಲ್ಲದ ವಸ್ತುವಿಗೂ ಒಡೆಯನಿದ್ದಾನೆ ಎಂದು ಭಾವಿಸುವ ಮನಸ್ಸು ಅದು. ಬಿದ್ದ ಹಣದ ನೀತಿಯ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕತೆಯನ್ನು ನಾನು ಕಂಡಿಲ್ಲ.

ಸತ್ಯಕ್ಕನ ದಾರಿಯನ್ನು ಇವತ್ತಿನ ಮೆಜೆಸ್ಟಿಕ್ಕಿಗೋ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೋ ಹಾಗೇ ತರಲು ಮಾತ್ರ ಆಗದು. ಸಣ್ಣ ಊರಿನಲ್ಲಿ ಬಿದ್ದ ವಸ್ತುವನ್ನು ಹಾಗೇ ಬಿಟ್ಟರೆ ಕಳೆದುಕೊಂಡವರು ಅದೇ ದಾರಿಯಲ್ಲಿ ಹುಡುಕುತ್ತ ಬಂದಾರು. ನಿಮಿಷಕ್ಕೆ ನೂರಾರು ಜನ ಓಡಾಡುವ ಪ್ಲಾಟ್‌ಫಾರ್ಮಿನಲ್ಲಿ ನಾವು ಬಿಟ್ಟದ್ದನ್ನು ಮುಂದಿನ ಕೈ ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಮುಟ್ಟದೆ ಹೋದರೆ ನಮ್ಮ ಕೈ ಶುದ್ಧವಾಗಿ ಉಳಿದೀತು, ಹಣ ಒಡೆಯರನ್ನು ತಲುಪುವುದು ಕಷ್ಟ. ಎತ್ತಿಕೊಂಡು, ಹೊಣೆ ಹೊತ್ತು, ಹುಡುಕುವುದೇ ಈ ಕಾಲಕ್ಕೆ ಹೆಚ್ಚು ಸರಿಯಾದ ದಾರಿ ಎಂದು ನನ್ನ ನಂಬಿಕೆ. ಅದು ಹೆಚ್ಚು ಕಷ್ಟದ ದಾರಿಯೂ ಹೌದು.

ಜನ ನಿಜಕ್ಕೂ ಹಾಗೆ ಮಾಡುತ್ತಾರೆಯೇ? ಇದನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲೈನ್ ಕೋನ್, ಮಿಷೆಲ್ ಮಾರೆಷಲ್, ಡೇವಿಡ್ ಟ್ಯಾನೆನ್‌ಬಾಮ್ ಮತ್ತು ಕ್ರಿಶ್ಚಿಯನ್ ಝುಂಡ್ ಎಂಬ ಸಂಶೋಧಕರು 40 ದೇಶಗಳ 355 ನಗರಗಳಲ್ಲಿ 17,303 ಪರ್ಸುಗಳನ್ನು ‘ಕಳೆದುಹಾಕಿದರು’. ಭಾರತವೂ ಅದರಲ್ಲಿತ್ತು, ಇಲ್ಲಿ ಆರಿಸಿದ್ದ ನಗರಗಳಲ್ಲಿ ಬೆಂಗಳೂರೂ ಒಂದು. ಪರ್ಸು ಎಂದರೆ ಒಳಗಿರುವುದೆಲ್ಲ ಕಾಣುವ ಪಾರದರ್ಶಕ ಕಾರ್ಡ್ ಡಬ್ಬಿ. ಅದರಲ್ಲಿ ಇಮೇಲ್ ವಿಳಾಸವಿರುವ ವಿಸಿಟಿಂಗ್ ಕಾರ್ಡು, ಸ್ಥಳೀಯ ಭಾಷೆಯಲ್ಲಿ ಬರೆದ ದಿನಸಿ ಚೀಟಿ, ಒಂದು ಕೀಲಿಕೈ. ಕೆಲವುಗಳಲ್ಲಿ ಹಣವಿಲ್ಲ, ಕೆಲವುಗಳಲ್ಲಿ ಸುಮಾರು 13 ಡಾಲರಿಗೆ ಸಮನಾದ ಅಲ್ಲಿಯ ಹಣ. ಇದನ್ನು ಹೋಟೆಲು, ಬ್ಯಾಂಕು, ಅಂಚೆ ಕಚೇರಿ, ಠಾಣೆಗಳ ಕೌಂಟರಿಗೆ ಕೊಟ್ಟು, ‘ಮೂಲೆಯಲ್ಲಿ ಸಿಕ್ಕಿತು, ನನಗೆ ಅವಸರ ಇದೆ, ದಯವಿಟ್ಟು ನೋಡಿಕೊಳ್ಳಿ’ ಎಂದು ಹೇಳಿ ಹೊರಟುಬಿಡುವುದು. ಕೌಂಟರಿನವರು ಒಡೆಯನಿಗೆ ಇಮೇಲ್ ಬರೆಯುತ್ತಾರೋ ಇಲ್ಲವೋ ಎಂಬುದೇ ಪರೀಕ್ಷೆ.

ಹಣ ಹೆಚ್ಚಿದಷ್ಟೂ ಹಿಂದಿರುಗಿಸುವವರು ಕಡಿಮೆಯಾಗುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. ಆ ಪ್ರಯೋಗದಲ್ಲಿ ಏನಾಗಬಹುದು ಎಂದು ಸಂಶೋಧಕರು ಕೇಳಿದಾಗ ಜನಸಾಮಾನ್ಯರೂ ಹಾಗೆಯೇ ಊಹಿಸಿದ್ದರು. ನಡೆದದ್ದು ತದ್ವಿರುದ್ಧ. ಹಣವಿಲ್ಲದ ಪರ್ಸುಗಳ ಬಗ್ಗೆ ಒಡೆಯನಿಗೆ ತಿಳಿಸಿದವರು ಸರಾಸರಿ ಶೇ 40ರಷ್ಟು, ಹಣವಿದ್ದ ಪರ್ಸುಗಳ ಬಗ್ಗೆ ಶೇ 51ರಷ್ಟು. ಅಮೆರಿಕ, ಬ್ರಿಟನ್ ಮತ್ತು ಪೋಲೆಂಡಿನಲ್ಲಿ ಮೊತ್ತವನ್ನು 94 ಡಾಲರಿಗೆ ಏರಿಸಿದಾಗ ತಿಳಿಸಿದವರು ಶೇ 72ಕ್ಕೆ ಏರಿದರು. ದೇಶಗಳ ಪಟ್ಟಿಯಲ್ಲಿ ಭಾರತದ ಸ್ಥಾನ ಕೆಳಗಿನ ಅರ್ಧದಲ್ಲಿತ್ತು, ಆದರೆ ಇಲ್ಲಿಯೂ ಹಣವಿದ್ದಾಗಲೇ ಹೆಚ್ಚು ಜನ ತಿಳಿಸಿದರು.

ಆ ಪ್ರಯೋಗದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಹಣದ ಅಂಕಿಯಲ್ಲ, ಆ ಕೀಲಿಕೈ. ಕೀಲಿಯಿಂದ ಸಿಕ್ಕವರಿಗೆ ಮೂರು ಕಾಸಿನ ಲಾಭವಿಲ್ಲ. ಕಳೆದುಕೊಂಡವರಿಗೆ ಅದಿಲ್ಲದೆ ಮನೆಯ ಬಾಗಿಲು ತೆರೆಯದು. ಅದೇ ಮೂರು ದೇಶಗಳಲ್ಲಿ ಕೀಲಿಯಿಲ್ಲದ ಪರ್ಸುಗಳನ್ನೂ ಇಟ್ಟು ನೋಡಿದರು. ತಿಳಿಸಿದವರ ಪ್ರಮಾಣ ಶೇಕಡಾ ಒಂಬತ್ತು ಅಂಶದಷ್ಟು ಕುಸಿಯಿತು. ಬೀಗದ ಮುಂದೆ ನಿಂತ ಒಬ್ಬ ಅಪರಿಚಿತನನ್ನು ಕಲ್ಪಿಸಿಕೊಂಡದ್ದೇ ಜನರನ್ನು ಇಮೇಲ್ ಬರೆಯಲು ಕೂರಿಸಿತು. ಇದರ ಜೊತೆಗೆ, ಮೊತ್ತ ದೊಡ್ಡದಾದಷ್ಟೂ ಇಟ್ಟುಕೊಂಡರೆ ತಾನು ಕಳ್ಳನಾಗುತ್ತೇನೆ ಎಂಬ ಅಳುಕೂ ಹೆಚ್ಚುತ್ತದೆ ಎಂದು ಸಂಶೋಧಕರು ವಿವರಿಸಿದ್ದಾರೆ. ಎರಡೂ ನಿಜವಿರಬಹುದು. ಆದರೆ ಕಳ್ಳನಾಗುವ ಅಳುಕು ಇನ್ನೂ ‘ನಾನು’ ಎಂಬಲ್ಲೇ ನಿಂತಿದೆ. ಕೀಲಿಕೈ ಮಾತ್ರ ಆಚೆಯವರನ್ನು ಕಾಣಿಸುತ್ತದೆ.

ಈ ಪ್ರಯೋಗಕ್ಕೆ ಸರಿಯಾದ ಆಕ್ಷೇಪಗಳೂ ಬಂದವು. ಇಮೇಲ್ ಬರೆಯುವುದು ಎಲ್ಲ ದೇಶಗಳ ರೂಢಿಯಲ್ಲ. ಪಟ್ಟಿಯ ತಳದಲ್ಲಿ ಸಿಕ್ಕಿಕೊಂಡ ಚೀನಾದಲ್ಲಿ ಅಲ್ಲಿನ ಸಂಶೋಧಕರು ಹತ್ತು ನಗರಗಳಲ್ಲಿ 500 ಪರ್ಸುಗಳೊಂದಿಗೆ ಮತ್ತೆ ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಇಮೇಲ್ ಬರೆದವರು ಕಡಿಮೆಯೇ, ಆದರೆ ವಾರಗಳು ಕಳೆದ ಮೇಲೆ ಹೋಗಿ ಕೇಳಿದಾಗ ಮುಕ್ಕಾಲು ಭಾಗಕ್ಕೂ ಹೆಚ್ಚು ಪರ್ಸುಗಳು ಜೋಪಾನವಾಗಿದ್ದವು. ‘ಒಡೆಯ ಬಂದರೆ ಕೊಡೋಣ’ ಎಂದು ಎತ್ತಿಟ್ಟು ಕಾಯುವುದೂ ಪ್ರಾಮಾಣಿಕತೆಯೇ. ನಮ್ಮ ಊರಿನ ಹೋಟೆಲ್ ಗಲ್ಲಾದಲ್ಲಿ, ಕಿರಾಣಿ ಅಂಗಡಿಯ ಗಾಜಿನ ಡಬ್ಬಿಯ ಹಿಂದೆ, ಯಾರೋ ಬಿಟ್ಟುಹೋದ ಕನ್ನಡಕ, ಪಾಸ್‌ಬುಕ್ಕು, ಒಂಟಿ ಓಲೆ ವರ್ಷಗಟ್ಟಲೆ ಕಾಯುತ್ತ ಕೂರುವುದನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯ ತರದು.

ಹಾಗಾದರೆ ಸಂದಿಗ್ಧ ಎಲ್ಲಿದೆ? ಗುರುತಿನ ಚೀಟಿ ಇರುವ ಪರ್ಸಿನಲ್ಲಿ ಸಂದಿಗ್ಧವೇ ಇಲ್ಲ, ಅಲ್ಲಿರುವುದು ಆಸೆ ಮಾತ್ರ. ತರಕಾರಿ ಮಾರುಕಟ್ಟೆಯ ಕೆಸರಲ್ಲಿ ಸಿಕ್ಕ ಹತ್ತರ ನೋಟಿನಲ್ಲೂ ಸಂದಿಗ್ಧವಿಲ್ಲ. ಕಾನೂನಿನ ಆ ಒಂದು ರೂಪಾಯಿಯ ಉದಾಹರಣೆ ಅಲ್ಲಿಗೆ ಸಾಕು, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಕಷ್ಟವಿರುವುದು ನಡುವಿನ ಪ್ರದೇಶದಲ್ಲಿ. ಗುರುತಿಲ್ಲದ, ಆದರೆ ಕಳೆದುಕೊಂಡವರಿಗೆ ನೋವು ತರುವಷ್ಟಿರುವ ಹಣ. ಎಟಿಎಂ ಬಾಯಲ್ಲಿ ಯಾರೋ ಬಿಟ್ಟುಹೋದ ನಾಲ್ಕು ಸಾವಿರ, ಮದುವೆ ಛತ್ರದ ಕುರ್ಚಿಯ ಕೆಳಗೆ ಮುಯ್ಯಿಯ ಲಕೋಟೆ, ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಪುಸ್ತಕದೊಳಗೆ ಮಡಚಿಟ್ಟ ನೋಟುಗಳು. ಇಲ್ಲೆಲ್ಲ ಹಣಕ್ಕೆ ಹೆಸರಿಲ್ಲ, ಜಾಗಕ್ಕೆ ಹೆಸರಿದೆ. ಎಟಿಎಂನಲ್ಲಿ ಯಾವ ಹೊತ್ತಿಗೆ ಯಾರು ಕಾರ್ಡ್ ಹಾಕಿದರೆಂಬುದು ಬ್ಯಾಂಕಿಗೆ ಗೊತ್ತು. ಛತ್ರಕ್ಕೆ ಯಾರು ಯಾರು ಬಂದಿದ್ದರೆಂಬುದು ಮದುವೆ ಮನೆಯವರಿಗೆ ಗೊತ್ತು. ಸಿಕ್ಕ ಜಾಗಕ್ಕೇ ಮರಳಿ ತಿಳಿಸುವುದೇ ಅರ್ಧ ಹುಡುಕಾಟ.

‘ನನಗೇ ಕಷ್ಟ ಇದೆಯಲ್ಲ’ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸಾಲದ ಕಂತು ತಪ್ಪಿದ ದಿನವೇ ಆಟೋದ ಹಿಂದಿನ ಸೀಟಿನಲ್ಲಿ ಐವತ್ತು ಸಾವಿರ ಸಿಕ್ಕವರ ಮನಸ್ಸಿನಲ್ಲಿ ಏನೆಲ್ಲ ಏಳುತ್ತದೆ ಎಂಬುದು ಬ್ಯಾಂಕಿನಲ್ಲಿ ಉಳಿತಾಯವಿರುವವರಿಗೆ ಪೂರ್ತಿ ತಿಳಿಯಲಾರದು. ಆದರೂ ಆ ವಾದದಲ್ಲಿ ಒಂದು ಕೊರತೆಯಿದೆ. ನಮ್ಮ ಕಷ್ಟ ನಮಗೆ ಗೊತ್ತು, ಆಚೆಯವರ ಕಷ್ಟ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಲ್ಲವೆಂದು ಎಣಿಸಿದರೆ ತಕ್ಕಡಿ ಯಾವಾಗಲೂ ನಮ್ಮ ಕಡೆಗೇ ವಾಲುತ್ತದೆ. ನಗದು ಹಿಡಿದು ಆಟೋ ಹತ್ತುವವರಲ್ಲಿ ಆಸ್ಪತ್ರೆಗೆ ಕಟ್ಟಲು ಹೊರಟವರೆಷ್ಟು, ಒಡವೆ ಅಡವಿಟ್ಟು ಬಂದವರೆಷ್ಟು ಎಂದು ಚಾಲಕರಿಗೇ ಚೆನ್ನಾಗಿ ತಿಳಿದಿರುತ್ತದೆ. ಹಿಂದಿರುಗಿಸಿದ ಚಾಲಕರು ಪತ್ರಿಕೆಗಳವರಿಗೆ ಹೇಳುವ ಮಾತು ಸಾಮಾನ್ಯವಾಗಿ ಇದೇ: ‘ಅವರಿಗೆ ಏನು ತೊಂದರೆಯೋ ಏನೋ ಅನ್ನಿಸಿತು.’

ಅಂಥ ಸುದ್ದಿಗೆ ನಾವು ‘ಪ್ರಾಮಾಣಿಕತೆ ಮೆರೆದ ಆಟೋ ಚಾಲಕ’ ಎಂದು ತಲೆಬರಹ ಕೊಡುತ್ತೇವೆ. ಪೌರಕಾರ್ಮಿಕರಿಗೂ ಬಸ್ ಕಂಡಕ್ಟರಿಗೂ ಅದೇ ತಲೆಬರಹ. ಹಣ ಎಣಿಸುವಾಗ ಹೆಚ್ಚಿಗೆ ಬಂದದ್ದನ್ನು ಗ್ರಾಹಕರಿಗೆ ಮರಳಿಸಿದ ಬ್ಯಾಂಕ್ ಅಧಿಕಾರಿಗೆ ಕೊಡುವುದಿಲ್ಲ, ಅದು ಅವರ ಕರ್ತವ್ಯವೆಂದು ಸುಮ್ಮನಾಗುತ್ತೇವೆ. ಹೊಗಳಿಕೆ ಸರಿಯೇ, ಬಡವರಿಂದ ನಾವು ಪ್ರಾಮಾಣಿಕತೆಯನ್ನು ನಿರೀಕ್ಷಿಸಿರಲಿಲ್ಲ ಎಂಬ ಧ್ವನಿ ಅದರೊಳಗೆ ಅಡಗಿರುವುದು ಸರಿಯಲ್ಲ. ಒಂದು ಶಾಲು, ಒಂದು ಫೋಟೋ ಕೊಟ್ಟು ಕಳಿಸುವ ಮೊದಲು ಆ ಮನುಷ್ಯ ಏನೇನು ಕಳೆದುಕೊಂಡು ಬಂದಿದ್ದಾರೆ ಎಂದು ಯೋಚಿಸಬೇಕು. ಅರ್ಧ ದಿನದ ಬಾಡಿಗೆ, ಪೆಟ್ರೋಲು ಅಥವಾ ಗ್ಯಾಸು, ಠಾಣೆಯ ಬೆಂಚಿನ ಮೇಲೆ ಕಾದ ಹೊತ್ತು. ‘ಎಲ್ಲಿ ಸಿಕ್ಕಿತು, ಇಷ್ಟೇ ಇತ್ತಾ, ಉಳಿದದ್ದೆಲ್ಲಿ’ ಎಂಬ ಪ್ರಶ್ನೆಗಳ ಅವಮಾನ ಬೇರೆ. ‘ಉಪಕಾರ ಮಾಡಲು ಹೋಗಿ ಉಪದ್ರವ ಯಾಕೆ’ ಎಂದು ಪರ್ಸನ್ನು ಮುಟ್ಟದೆ ಹೋಗುವವರಲ್ಲಿ ಬಹಳಷ್ಟು ಮಂದಿ ಹೆದರುವುದು ಈ ಪ್ರಶ್ನೆಗಳಿಗೇ.

ಸಿಕ್ಕವರ ಶ್ರಮಕ್ಕೆ ಬೆಲೆ ಕಟ್ಟುವುದು ಹೊಸ ವಿಚಾರವಲ್ಲ. ಅದಕ್ಕೆ ಬಹಳ ಹಿಂದೆಯೇ ಲೆಕ್ಕ ಹಾಕಿದವರಲ್ಲಿ ಒಬ್ಬರು ನಮ್ಮ ನೆಲದವರೇ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ನಾವು ಬಸವಕಲ್ಯಾಣ ಎನ್ನುವ ಊರಿನಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ವಿಷಯದಲ್ಲಿ ಆ ಗ್ರಂಥದ ಹೆಸರು ಕೇಳದ ವಕೀಲರಿಲ್ಲ. ಕಳೆದುಹೋಗಿ ಸಿಕ್ಕ ವಸ್ತುವಿನ ಬಗ್ಗೆಯೂ ಅದು ವಿವರವಾಗಿ ಮಾತಾಡುತ್ತದೆ. ಸುಂಕದವರೋ ಕಾವಲಿನವರೋ ತಂದೊಪ್ಪಿಸಿದ ವಸ್ತುವಿಗೆ ಮೊದಲ ವರ್ಷದೊಳಗೆ ಒಡೆಯ ಬಂದರೆ ಅರಸ ಪೂರ್ತಿ ಕೊಡಬೇಕು. ಎರಡನೇ ವರ್ಷ ಬಂದರೆ ಕಾಪಾಡಿದ್ದಕ್ಕಾಗಿ ಹನ್ನೆರಡನೇ ಒಂದು ಪಾಲು, ಮೂರನೇ ವರ್ಷ ಹತ್ತನೇ ಒಂದು ಪಾಲು, ಆಮೇಲೆ ಆರನೇ ಒಂದು ಪಾಲು ಹಿಡಿದು ಉಳಿದದ್ದನ್ನು ಕೊಡಬೇಕು. ಅರಸನಿಗೆ ಬಂದ ಪಾಲಿನಲ್ಲಿ ನಾಲ್ಕನೇ ಒಂದು ಭಾಗ ವಸ್ತುವನ್ನು ಹುಡುಕಿ ತಂದವನಿಗೆ ಸೇರಬೇಕು. ಲಕ್ಕಮ್ಮ ಅಕ್ಕಿ ಹಿಂದಕ್ಕೆ ಕಳಿಸಿದ್ದೂ ಇದೇ ಕಲ್ಯಾಣದಲ್ಲಿ ಎಂಬುದನ್ನು ನೆನೆದಾಗ ನನಗೆ ಹೆಮ್ಮೆಯೆನಿಸುತ್ತದೆ. ಕೆಲವು ದಶಕಗಳ ಅಂತರದಲ್ಲಿ ಒಂದೇ ಊರು ಈ ಪ್ರಶ್ನೆಯ ಕಾನೂನನ್ನೂ ಕಂಡಿತು, ಅಂತಃಕರಣವನ್ನೂ ಕಂಡಿತು.

ಇಂದಿನ ಕರಾರು ಕಾಯ್ದೆ ಸಿಕ್ಕವರಿಗೆ ಕೊಡುವುದು ಕಡಿಮೆ. 168ನೇ ಸೆಕ್ಷನ್ ಪ್ರಕಾರ ಒಡೆಯರನ್ನು ಹುಡುಕಲು, ವಸ್ತುವನ್ನು ಕಾಪಾಡಲು ಪಟ್ಟ ಶ್ರಮ ಮತ್ತು ಖರ್ಚಿಗಾಗಿ ದಾವೆ ಹೂಡುವಂತಿಲ್ಲ. ಪರಿಹಾರ ಸಿಗುವವರೆಗೆ ವಸ್ತುವನ್ನು ತಡೆಹಿಡಿದುಕೊಳ್ಳಬಹುದು. ಒಡೆಯರು ಮೊದಲೇ ಬಹುಮಾನ ಘೋಷಿಸಿದ್ದರೆ ಮಾತ್ರ ಅದಕ್ಕಾಗಿ ದಾವೆ ಹೂಡಬಹುದು. ಜಪಾನಿನ ಕಾನೂನು ಈ ವಿಷಯದಲ್ಲಿ ಉದಾರ. ಸಿಕ್ಕಿದ್ದನ್ನು ಪೊಲೀಸ್ ಚೌಕಿಗೆ ಒಪ್ಪಿಸಿದವರಿಗೆ ಒಡೆಯರು ಮೊತ್ತದ ಶೇ 5ರಿಂದ 20ರಷ್ಟು ಕೊಡಬೇಕು. ಮೂರು ತಿಂಗಳು ಯಾರೂ ಬರದಿದ್ದರೆ ಹಣ ಸಿಕ್ಕವರಿಗೇ ಸೇರುತ್ತದೆ. 1980ರಲ್ಲಿ ಟೋಕಿಯೋದ ಗಿಂಜಾದಲ್ಲಿ ಲಾರಿ ಚಾಲಕರೊಬ್ಬರಿಗೆ ರಸ್ತೆ ಬದಿಯಲ್ಲಿ ಹತ್ತು ಕೋಟಿ ಯೆನ್ ಇದ್ದ ಗಂಟು ಸಿಕ್ಕಿತು. ಅವರು ಅದನ್ನು ಪೊಲೀಸರಿಗೆ ಒಪ್ಪಿಸಿದರು. ಆಗಿನ ಕಾನೂನಿನಂತೆ ಆರು ತಿಂಗಳು ಕಾದರೂ ಒಡೆಯ ಬರಲಿಲ್ಲ, ಹಣ ಅವರದಾಯಿತು. ಜಪಾನೀಯರು ಹುಟ್ಟಿನಿಂದಲೇ ಪ್ರಾಮಾಣಿಕರು ಎಂದು ಇಂಥ ಕತೆಗಳನ್ನು ಹೇಳುವುದುಂಟು. ನನಗೆ ಆ ವಿವರಣೆ ಸಾಲದು. ಓಣಿ ಓಣಿಗೊಂದು ಚೌಕಿ, ಅಲ್ಲಿ ಕೊಟ್ಟದ್ದಕ್ಕೆ ರಸೀದಿ, ಶ್ರಮಕ್ಕೊಂದು ಪಾಲು, ಕೇಳುವ ಪ್ರಶ್ನೆಯಲ್ಲಿ ಗೌರವ. ಇಷ್ಟಿದ್ದ ಕಡೆ ಪ್ರಾಮಾಣಿಕರಾಗಿರಲು ಸಂತರಾಗಿರಬೇಕಿಲ್ಲ.

ಕರ್ನಾಟಕಕ್ಕೆ ಇದು ಅಸಾಧ್ಯವಲ್ಲ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಎತ್ತಲು ಜನ ಹೆದರುತ್ತಿದ್ದದ್ದೂ ಇದೇ ಠಾಣೆ, ಇದೇ ಸಾಕ್ಷಿ, ಇದೇ ಅಲೆದಾಟಕ್ಕೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ನಮ್ಮ ವಿಧಾನಮಂಡಲ ಜೀವರಕ್ಷಕರಿಗೆ ರಕ್ಷಣೆ ಕೊಡುವ ಪ್ರತ್ಯೇಕ ಮಸೂದೆ ಅಂಗೀಕರಿಸಿ ದೇಶಕ್ಕೇ ಮೊದಲಾಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು. ಬಿದ್ದ ಮನುಷ್ಯರನ್ನು ಎತ್ತಿದವರಿಗೆ ಕೊಟ್ಟ ಅಭಯವನ್ನು ಬಿದ್ದ ಹಣ ಎತ್ತಿ ತಂದವರಿಗೂ ಕೊಡಬಹುದಲ್ಲ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲದೆ, ಸ್ಥಳದಲ್ಲೇ ಎಣಿಸಿ, ರಸೀದಿ ಕೊಟ್ಟು, ‘ನೀವು ಹೊರಡಿ’ ಎಂದು ಕಳಿಸುವ ಪದ್ಧತಿ ಬೇಕು. ಕಳೆದುಕೊಂಡವರು ದೂರು ದಾಖಲಿಸಲು ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇದೆ. ಬಸ್ ಡಿಪೊ, ಮೆಟ್ರೊ, ರೈಲು, ಠಾಣೆ ಎಲ್ಲದರಲ್ಲೂ ಸಿಕ್ಕಿದ್ದರ ಪಟ್ಟಿ ಅದರ ಜೊತೆ ಒಂದೇ ಕಡೆ ಕೂಡಬೇಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೈಯಲ್ಲಿ ಹಿಡಿಯಬಹುದಾದ ನೋಟಿನ ಮಾತು. ಈಗ ಹಣ ಬೀಳುವುದು ಮೊಬೈಲಿನೊಳಗೆ. ಒಂದು ಅಂಕಿ ತಪ್ಪಾಗಿ ಒತ್ತಿದರೆ ಯಾರದೋ ಬಾಡಿಗೆ ನಮ್ಮ ಖಾತೆಗೆ ಬಂದು ಕೂರುತ್ತದೆ. ಕರಾರು ಕಾಯ್ದೆಯ 72ನೇ ಸೆಕ್ಷನ್ ತಪ್ಪಾಗಿ ಬಂದ ಹಣವನ್ನು ಹಿಂದಿರುಗಿಸಲೇಬೇಕು ಎನ್ನುತ್ತದೆ. ಸಿಕ್ಕ ವಸ್ತುವಿನ 71ರ ಪಕ್ಕದ ಮನೆಯೇ ಅದು. 2021ರಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯ ಗ್ರಾಮೀಣ ಬ್ಯಾಂಕೊಂದು ತಪ್ಪಿ ಒಬ್ಬರ ಖಾತೆಗೆ ಐದೂವರೆ ಲಕ್ಷ ರೂಪಾಯಿ ಹಾಕಿತು. ಪ್ರಧಾನಿಯವರು ಕಳಿಸಿದ್ದೆಂದು ಭಾವಿಸಿ ಖರ್ಚು ಮಾಡಿದೆ ಎಂದು ಹೇಳಿ ಹಿಂದಿರುಗಿಸಲು ನಿರಾಕರಿಸಿದ ಆತ ಬಂಧನಕ್ಕೊಳಗಾದ. ಇಲ್ಲಿ ಹುಡುಕಾಟದ ಕಷ್ಟವೂ ಇಲ್ಲ, ಒಡೆಯ ಯಾರೆಂದು ಬ್ಯಾಂಕಿನ ಲೆಕ್ಕದಲ್ಲೇ ಇದೆ. ಇಟ್ಟುಕೊಳ್ಳಲು ನೆಪ ಮಾತ್ರ ಸುಲಭ, ಏಕೆಂದರೆ ಪರದೆಯ ಮೇಲಿನ ಅಂಕಿಗೆ ಮಡಿಕೆಯಿಲ್ಲ, ಬೆವರಿನ ವಾಸನೆಯಿಲ್ಲ.

ಇದೇ ಪ್ರಾಮಾಣಿಕತೆಯನ್ನು ಬಲೆಯಾಗಿ ಬಳಸುವವರೂ ಹುಟ್ಟಿಕೊಂಡಿದ್ದಾರೆ. ‘ತಪ್ಪಾಗಿ ನಿಮಗೆ ಹಣ ಹಾಕಿದೆ, ಆಸ್ಪತ್ರೆಯಲ್ಲಿದ್ದೇನೆ, ಬೇಗ ವಾಪಸ್ ಕಳಿಸಿ’ ಎಂಬ ಕರೆ, ಅದರ ಜೊತೆಗೆ ಬ್ಯಾಂಕಿನದೇ ಎನ್ನಿಸುವ ನಕಲಿ ಸಂದೇಶ. ಸಂದೇಶ ನೋಡಿ ನಂಬದೆ ಖಾತೆಯ ಬಾಕಿಯನ್ನೇ ನೋಡಬೇಕು. ಹಣ ನಿಜಕ್ಕೂ ಬಂದಿದ್ದರೂ ಕರೆ ಮಾಡಿದವರಿಗೆ ನೇರವಾಗಿ ಕಳಿಸದೆ ಬ್ಯಾಂಕಿಗೆ ತಿಳಿಸಿ ಅದರ ಮೂಲಕವೇ ಹಿಂದಿರುಗಿಸಬೇಕು. ಬೇರೆಲ್ಲೋ ಕದ್ದ ಹಣವನ್ನು ನಮ್ಮ ಖಾತೆಯ ಮೂಲಕ ದಾಟಿಸುವ ಹೂಟವೂ ಇರಬಹುದು. ಪ್ರಾಮಾಣಿಕತೆಯನ್ನಲ್ಲ, ಆಸೆಯನ್ನೇ ಬಲೆಯಾಗಿಸುವ ಹಳೆಯದೊಂದು ತಂತ್ರವೂ ಬೆಂಗಳೂರಿನ ಬೀದಿಗಳಲ್ಲಿ ಈಗಲೂ ನಡೆಯುತ್ತದೆ. ಕಾರಿನ ಪಕ್ಕ ಹತ್ತರ ಕೆಲವು ನೋಟು ಚೆಲ್ಲಿ, ‘ಸಾರ್, ನಿಮ್ಮ ದುಡ್ಡು ಬಿದ್ದಿದೆ’ ಎನ್ನುತ್ತಾರೆ. ತನ್ನದಲ್ಲವೆಂದು ಗೊತ್ತಿದ್ದೂ ಬಗ್ಗಿದವರು ತಲೆ ಎತ್ತುವಷ್ಟರಲ್ಲಿ ಸೀಟಿನ ಮೇಲಿದ್ದ ಚೀಲ ಮಾಯ.

ವ್ಯಕ್ತಿಗಳಿಗೆ ಇಷ್ಟೆಲ್ಲ ಹೇಳುವಾಗ ಸಂಸ್ಥೆಗಳನ್ನು ಬಿಡಬಾರದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತವೆ. 2024ರ ಮಾರ್ಚ್ ಅಂತ್ಯಕ್ಕೆ ಅದರಲ್ಲಿದ್ದ ಮೊತ್ತ 78,213 ಕೋಟಿ ರೂಪಾಯಿ. ವಾರಸುದಾರರು ಯಾವಾಗ ಬಂದು ಕೇಳಿದರೂ ಕೊಡಬೇಕು, ಅದು ಸರಿಯಾದ ನಿಯಮ. 2023ರಲ್ಲಿ ಬಂದ ಉದ್ಗಮ್ ಜಾಲತಾಣದಲ್ಲಿ ಹೆಸರು ಕೊಟ್ಟು ಹಲವು ಬ್ಯಾಂಕುಗಳಲ್ಲಿ ಒಟ್ಟಿಗೆ ಹುಡುಕಲೂಬಹುದು. ಆದರೆ ಇಲ್ಲಿ ಹುಡುಕಬೇಕಾದವರು ಕಳೆದುಕೊಂಡವರು. ಗಂಡ ಎಲ್ಲಿ ಖಾತೆ ತೆರೆದಿದ್ದನೆಂದೇ ಗೊತ್ತಿಲ್ಲದ ಹಳ್ಳಿಯ ವಿಧವೆ ಜಾಲತಾಣಕ್ಕೆ ಹೋಗುವುದು ಹೇಗೆ? ವಿಳಾಸ, ನಾಮಿನಿ, ಫೋಟೊ ಎಲ್ಲ ಬ್ಯಾಂಕಿನ ಕಡತದಲ್ಲೇ ಇದೆ. ಆಟೋ ಚಾಲಕರಿಗೆ ನ್ಯಾಯ ಸಂಹಿತೆ ಹೇಳುವ ‘ನ್ಯಾಯವಾದ ಪ್ರಯತ್ನ’ವನ್ನು ಬ್ಯಾಂಕುಗಳಿಂದ ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಕೇಳುವ ಹಕ್ಕು ನಮಗಿದೆ.

ಕೊನೆಯದಾಗಿ, ಇಂದು ಸಂಜೆಯೇ ಯಾರಿಗಾದರೂ ಬೇಕಾಗಬಹುದಾದ ಒಂದು ಮಾತು. ಸಿಕ್ಕ ಕೂಡಲೇ ಪರ್ಸಿನ ಫೋಟೊ ತೆಗೆದು, ಒಳಗಿದ್ದ ಮೊತ್ತವನ್ನೂ ಬರೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವುದು ಈಗಿನ ರೂಢಿ. ಉದ್ದೇಶ ಒಳ್ಳೆಯದು, ಆದರೆ ಹತ್ತು ಜನ ‘ಅದು ನನ್ನದೇ’ ಎಂದು ಬರಲು ದಾರಿ ಮಾಡಿಕೊಡುತ್ತದೆ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಇದಕ್ಕೆ ಜಾಣ ಪರಿಹಾರವಿದೆ. ತನ್ನದೆಂದು ಬಂದವನು ವಸ್ತುವಿನ ರೂಪ, ಸಂಖ್ಯೆ, ಕಳೆದ ಜಾಗವನ್ನು ತಾನೇ ಹೇಳಬೇಕು, ಹೇಳಲಾಗದೆ ಸುಳ್ಳು ಹಕ್ಕು ಸಾಧಿಸಿದರೆ ಅಷ್ಟೇ ಮೊತ್ತದ ದಂಡ ತೆರಬೇಕು. ಆದ್ದರಿಂದ ‘ಇಂಥ ಕಡೆ ಇಂದು ಪರ್ಸೊಂದು ಸಿಕ್ಕಿದೆ’ ಎಂದಷ್ಟೇ ತಿಳಿಸಿ. ಕಂಡಕ್ಟರಿಗೋ ಠಾಣೆಗೋ ಒಪ್ಪಿಸುವುದಾದರೆ ಅವರ ಮುಂದೆಯೇ ಎಣಿಸಿ, ಒಂದು ಚೀಟಿ ಬರೆಸಿಕೊಳ್ಳಿ. ಬಣ್ಣ ಯಾವುದು, ಒಳಗೆ ಎಷ್ಟಿತ್ತು, ಯಾವ ನೋಟುಗಳಿದ್ದವು ಎಂಬುದನ್ನು ಕೇಳಿಕೊಂಡು ಬಂದವರೇ ಹೇಳಲಿ.